ಪಟ್ಟಿಯಲ್ಲಿ ಯಾರ ಹೆಸರು? ಮುಕ್ತ ದತ್ತಾಂಶ, ಖಾಸಗಿತನ ಮತ್ತು ಕರಜಗಿಯಿಂದ ಒಂದು ಓದು

(ಕನ್ನಡ ಸ್ನಾತಕೋತ್ತರ ವಿದ್ಯಾರ್ಥಿಗಳ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಾಡಿದ ಮಂಡನೆಯ ಲಿಖಿತ ರೂಪ. ಮಾತಿನ ಧಾಟಿಯನ್ನು ಪೂರ್ತಿ ತಿದ್ದಿಲ್ಲ. ಕೊನೆಯಲ್ಲಿ ಸಂವಾದದ ಆಯ್ದ ಭಾಗವಿದೆ.)

ಧ್ವನಿ ಕೇಳಿಸ್ತಾ ಇದೆ ಅಂತ ಚಾಟ್‌ನಲ್ಲಿ ಹಾಕಿದ್ದೀರಿ, ಹಾಗಾಗಿ ಶುರು ಮಾಡ್ತೀನಿ.

ಈ ಗೋಷ್ಠಿಯಲ್ಲಿ ಉಳಿದವರು ಕಾದಂಬರಿ, ವಚನ, ಜಾನಪದ ಅಂತ ವಿಷಯ ಆರಿಸಿಕೊಂಡಿದ್ದಾರೆ. ನಾನು ಆರಿಸಿಕೊಂಡಿದ್ದು ಸರ್ಕಾರಿ ಪೋರ್ಟಲ್‌ಗಳಲ್ಲಿ ಸಿಗುವ ಪಟ್ಟಿಗಳನ್ನು: ಜಮೀನಿನ ಉತಾರ, ಕೂಲಿಕಾರರ ಹಾಜರಿ, ಪಿಂಚಣಿದಾರರ ಯಾದಿ. ಇವನ್ನು ಯಾರೂ ಸಾಹಿತ್ಯ ಅನ್ನೋದಿಲ್ಲ. ಆದರೆ ಪಠ್ಯವನ್ನು ಓದುವಾಗ ನಾವು ಕೇಳುವ ಮೂರು ಪ್ರಶ್ನೆಗಳು ಪಟ್ಟಿಗೂ ಸಲ್ಲುತ್ತವೆ. ಬರೆದವರು ಯಾರು? ಇದರಲ್ಲಿ ಹೆಸರಾದವರು ಯಾರು? ಓದುವವರು ಯಾರು? ಒಂದು ದತ್ತಾಂಶ ‘ಮುಕ್ತ’ವೋ ಅಲ್ಲವೋ ಅನ್ನುವುದು ಈ ಮೂವರ ನಡುವಿನ ಸಂಬಂಧದಿಂದ ತೀರ್ಮಾನವಾಗುತ್ತದೆ ಅನ್ನೋದು ನನ್ನ ವಾದ. ಆ ಸಂಬಂಧವನ್ನು ನೋಡದೆ ಎಲ್ಲವನ್ನೂ ತೆರೆದರೂ ಅನ್ಯಾಯ, ಎಲ್ಲವನ್ನೂ ಮುಚ್ಚಿದರೂ ಅನ್ಯಾಯ.

ಮೊದಲು ಪರಿಭಾಷೆ. ಸಾರ್ವಜನಿಕ ಹಣದಿಂದ ಸರ್ಕಾರ ಸಂಗ್ರಹಿಸಿದ ಮಾಹಿತಿಯನ್ನು ಯಾರು ಬೇಕಾದರೂ ಪಡೆದು, ಮರುಬಳಸುವಂತೆ ಇಡುವುದಕ್ಕೆ ಮುಕ್ತ ದತ್ತಾಂಶ ಅಂತಾರೆ. ಭಾರತದಲ್ಲಿ ಇದಕ್ಕೆ ರಾಷ್ಟ್ರೀಯ ನೀತಿ ಬಂದದ್ದು 2012ರಲ್ಲಿ. ಕೇಂದ್ರ ಸರ್ಕಾರದ ಮುಕ್ತ ದತ್ತಾಂಶ ಪೋರ್ಟಲ್ ಶುರುವಾದದ್ದೂ ಅದೇ ವರ್ಷ. ಆ ನೀತಿ ಮಾತಾಡುವುದು ಸೂಕ್ಷ್ಮವಲ್ಲದ ದತ್ತಾಂಶದ ಬಗ್ಗೆ: ಮಳೆ ಪ್ರಮಾಣ, ಜಲಾಶಯದ ಮಟ್ಟ, ಬೆಳೆ ವಿಸ್ತೀರ್ಣ ಇಂಥವು. ಅದರ ಪಕ್ಕದಲ್ಲೇ ಇನ್ನೊಂದು ಬಗೆಯ ತೆರೆದ ಮಾಹಿತಿ ಇದೆ. ಅದು ಹೆಸರುಗಳ ಪಟ್ಟಿ. ಅದನ್ನು ಪ್ರಕಟಿಸುವುದು ಬೇರೆ ಬೇರೆ ಇಲಾಖೆಗಳ ಪೋರ್ಟಲ್‌ಗಳು, ಬೇರೆ ಬೇರೆ ಕಾಯ್ದೆಗಳ ಹೆಸರಿನಲ್ಲಿ. ನಾಗರಿಕನ ಕಣ್ಣಿಗೆ ಎರಡೂ ಒಂದೇ ‘ಆನ್‌ಲೈನ್’. ಖಾಸಗಿತನದ ಪ್ರಶ್ನೆ ಹೆಚ್ಚಾಗಿ ಏಳುವುದು ಎರಡನೆಯದರಲ್ಲಿ, ಹಾಗಾಗಿ ನಾನು ಅಲ್ಲೇ ನಿಲ್ತೀನಿ.

1. ಯಾವ ಕರಜಗಿ?

ನನ್ನ ಓದಿನ ನೆಲೆ ಕರಜಗಿ. ಯಾವ ಕರಜಗಿ ಅಂತ ನೀವು ಕೇಳಬೇಕು. ಹಾವೇರಿ ಜಿಲ್ಲೆಯಲ್ಲಿ ಒಂದು ಕರಜಗಿ ಇದೆ. ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನಲ್ಲಿ ಒಂದಿದೆ. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲ್ಲೂಕಿನಲ್ಲೂ ಒಂದಿದೆ. ನಾನು ಹೇಳ್ತಿರೋದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ, ಜತ್ತ ತಾಲ್ಲೂಕಿನ ಕರಜಗಿ. ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಜತ್ತ 1948ರವರೆಗೆ ಡಫಳೆ ಮನೆತನದ ಸಂಸ್ಥಾನವಾಗಿತ್ತು, ಆಮೇಲೆ ಮುಂಬಯಿ ಪ್ರಾಂತಕ್ಕೆ ಸೇರಿತು. 2022ರ ಕೊನೆಯಲ್ಲಿ ಈ ತಾಲ್ಲೂಕಿನ ಹಳ್ಳಿಗಳು ನೀರಿನ ಕಾರಣಕ್ಕೆ, ಗಡಿಯ ಕಾರಣಕ್ಕೆ ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ಬಂದವು. ಸುದ್ದಿ ತಣ್ಣಗಾದ ಮೇಲೆ ಉಳಿದದ್ದು ದಿನನಿತ್ಯದ ಕಾಗದಪತ್ರ.

ನಾಲ್ಕು ಕರಜಗಿಗಳ ವಿಷಯವನ್ನು ಸುಮ್ಮನೆ ಹೇಳಲಿಲ್ಲ. ದತ್ತಾಂಶದ ಲೋಕದಲ್ಲಿ ಊರಿನ ಹೆಸರು ಸಾಲದು; ರಾಜ್ಯ, ಜಿಲ್ಲೆ, ತಾಲ್ಲೂಕು, ಗಟ್ ನಂಬರ್ ಒಂದರ ಮೇಲೊಂದು ಕೂಡಿದಾಗ ಹುಡುಕಾಟ ಒಬ್ಬ ಮನುಷ್ಯನ ಮೇಲೆ ಬಂದು ನಿಲ್ಲುತ್ತದೆ. ಒಂದೊಂದು ವಿವರವೂ ನಿರುಪದ್ರವಿ, ಕೂಡಿದಾಗ ಮಾತ್ರ ಅದು ಗುರುತು. ಅಮೆರಿಕದ ಸಂಶೋಧಕಿ ಲತಾನ್ಯಾ ಸ್ವೀನಿ 2000ದಲ್ಲಿ ತೋರಿಸಿದ್ದು ಇದನ್ನೇ. ಪಿನ್‌ಕೋಡ್‌ನಂಥ ಅಂಚೆ ಸಂಖ್ಯೆ, ಹುಟ್ಟಿದ ದಿನಾಂಕ, ಲಿಂಗ, ಈ ಮೂರೇ ಸಾಕು, ಆ ದೇಶದ 87 ಪ್ರತಿಶತ ಜನರನ್ನು ಬಹುಮಟ್ಟಿಗೆ ಒಬ್ಬೊಬ್ಬರನ್ನಾಗಿ ಗುರುತಿಸಬಹುದು ಅಂತ ಆಕೆ ಅಂದಾಜು ಮಾಡಿದರು. ಹಳ್ಳಿಯಲ್ಲಿ ಅಷ್ಟೂ ಬೇಕಾಗಲ್ಲ. ‘ಈ ಓಣಿಯಲ್ಲಿ ಎರಡು ಎಕರೆ ಇರುವ ವಿಧವೆ’ ಅಂದರೆ ಮುಗೀತು. ಹೆಸರನ್ನು ಅಳಿಸಿದರೆ ಖಾಸಗಿತನ ಉಳಿಯಿತು ಅನ್ನುವ ನಂಬಿಕೆ ಸಣ್ಣ ಊರುಗಳಲ್ಲಿ ನಿಲ್ಲುವುದೇ ಇಲ್ಲ.

2. ಕಲ್ಲಿನ ಮೇಲಿನ ಪಟ್ಟಿ

ಸಾರ್ವಜನಿಕ ದಾಖಲೆ ನಮಗೆ ಹೊಸದಲ್ಲ. ನಾವು ಶಾಸನಶಾಸ್ತ್ರ ಓದಿದವರು. ಸಾಂಗ್ಲಿ, ಸೊಲ್ಲಾಪುರ, ಕೊಲ್ಲಾಪುರ ಸೀಮೆಯಲ್ಲಿ ಕಲ್ಯಾಣ ಚಾಲುಕ್ಯರ, ಕಳಚುರಿಗಳ, ಸೇವುಣರ ಕಾಲದ ಕನ್ನಡ ಶಾಸನಗಳು ಎಷ್ಟೋ ಸಿಕ್ಕಿವೆ. ದಾನಶಾಸನದ ರಚನೆಯನ್ನು ನೆನಪಿಸಿಕೊಳ್ಳಿ. ಆಳುವ ಅರಸ ಯಾರು, ದಾನ ಕೊಟ್ಟವರು ಯಾರು, ಎಷ್ಟು ಭೂಮಿ, ನಾಲ್ಕು ದಿಕ್ಕಿನ ಎಲ್ಲೆ ಯಾವುದು, ಯಾವ ಕೆಲಸಕ್ಕೆ, ಯಾರ ಸಮ್ಮುಖದಲ್ಲಿ. ಕೊನೆಗೆ ಶಾಪಾಶಯ: ಇದನ್ನು ಅಳಿದವರಿಗೆ ಇಂಥಿಂಥ ಪಾಪ. ಕಲ್ಲನ್ನು ನಿಲ್ಲಿಸುತ್ತಿದ್ದದ್ದು ಗುಡಿಯ ಬಳಿ, ಕೆರೆಯ ಬಳಿ, ಅಂದರೆ ದಾನದ ಫಲ ಮುಟ್ಟುವ ಜಾಗದಲ್ಲೇ, ಅಲ್ಲಿಯವರ ನುಡಿಯಲ್ಲಿ.

ನನ್ನ ಮೂರು ಪ್ರಶ್ನೆಗಳನ್ನು ಇದಕ್ಕೆ ಕೇಳಿ ನೋಡೋಣ. ಬರೆಸಿದವರು ಅಧಿಕಾರ ಇದ್ದವರು. ಢಾಳಾಗಿ ಹೆಸರಾದವರೂ ಬಹುಮಟ್ಟಿಗೆ ಅವರೇ, ಕೊಟ್ಟವರು. ಓದುಗರು ಆ ಊರಿನವರು. ಶಾಪಾಶಯ ಇದ್ದದ್ದು ಮುಂದೆ ಅಧಿಕಾರಕ್ಕೆ ಬರುವವರನ್ನು ಕಟ್ಟಿಹಾಕೋದಕ್ಕೆ. ಶಾಸನವನ್ನು ನಾನು ಆದರ್ಶ ಅಂತ ಹೇಳ್ತಿಲ್ಲ. ಆ ಭೂಮಿಯನ್ನು ಉತ್ತವರ ಹೆಸರು ಆ ಕಲ್ಲಿನಲ್ಲಿ ಬಹಳ ಸಲ ಇರೋದೇ ಇಲ್ಲ. ಕಾರಂತರ ‘ಚೋಮನ ದುಡಿ’ 1933ರಲ್ಲಿ ಬಂತು. ಬೇಸಾಯಗಾರ ಆಗಬೇಕು ಅಂತ ಹಂಬಲಿಸಿದ ಚೋಮ ಯಾವ ಕಲ್ಲಿನಲ್ಲೂ ಇಲ್ಲ, ಯಾವ ಪಹಣಿಯಲ್ಲೂ ಇಲ್ಲ. ದಾಖಲೆಯಲ್ಲಿ ಇಲ್ಲದಿರುವುದೂ ಒಂದು ಹಿಂಸೆ ಅನ್ನೋದನ್ನ ಖಾಸಗಿತನದ ಚರ್ಚೆ ಮರೆಯಬಾರದು.

ಇಂದಿನ ಪೋರ್ಟಲ್ ಈ ರಚನೆಯನ್ನು ತಲೆಕೆಳಗು ಮಾಡಿದೆ. ಅದರಲ್ಲಿ ಹೆಸರಾಗುವವರು ಪಡೆದವರು. ಕೂಲಿ ಪಡೆದವರು, ಪಿಂಚಣಿ ಪಡೆದವರು, ಸಾಲ ಪಡೆದವರು. ಕೊಟ್ಟ ನಿರ್ಧಾರ ಯಾರದು, ತಡೆದವರು ಯಾರು, ಎಷ್ಟು ದಿನ ಕಡತ ಯಾರ ಮೇಜಿನ ಮೇಲಿತ್ತು, ಇವು ಅಷ್ಟೇ ಸಲೀಸಾಗಿ ಸಿಗಲ್ಲ.

3. ಸಾತಬಾರಾ ಓದುವುದು

ಮಹಾರಾಷ್ಟ್ರದಲ್ಲಿ ಜಮೀನಿನ ಉತಾರಕ್ಕೆ ಸಾತಬಾರಾ ಅಂತಾರೆ, 7/12. ಊರಿನ ಲೆಕ್ಕದ ಏಳನೆಯ ನಮೂನೆ ಒಡೆತನ ಮತ್ತು ಹಕ್ಕುಗಳದ್ದು, ಹನ್ನೆರಡನೆಯದು ಬೆಳೆಯದ್ದು. ಎರಡೂ ಸೇರಿ ಒಂದು ಹಾಳೆ. ಇದನ್ನು ‘ಮಹಾಭೂಲೇಖ’ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಪುಣೆ ವಿಭಾಗ, ಸಾಂಗ್ಲಿ, ಜತ್ತ, ಊರು ಅಂತ ಆರಿಸುತ್ತಾ ಹೋಗಬೇಕು. ಗಟ್ ನಂಬರ್ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ, ಹೆಸರಿನಿಂದ, ಅಡ್ಡಹೆಸರಿನಿಂದ ಹುಡುಕಬಹುದು. ಡಿಜಿಟಲ್ ಸಹಿ ಇರುವ ಪ್ರತಿಗೆ 15 ರೂಪಾಯಿ. ರೈತನ ಮಟ್ಟಿಗೆ ಇದು ದೊಡ್ಡ ಅನುಕೂಲ, ಅದನ್ನು ಅಲ್ಲಗಳೆಯೋದು ಸರಿಯಲ್ಲ. ಒಂದು ಉತಾರಕ್ಕಾಗಿ ತಲಾಠಿಯ ಮನೆ ಬಾಗಿಲು ಎಷ್ಟು ಸಲ ತಟ್ಟಬೇಕಿತ್ತು ಅನ್ನೋದನ್ನ ನಮ್ಮ ಕಡೆಯ ಹಿರಿಯರು ಹೇಳೋದನ್ನ ಕೇಳುತ್ತಲೇ ನಾನು ಬೆಳೆದದ್ದು.

ಈಗ ಆ ಹಾಳೆಯನ್ನು ಪಠ್ಯವಾಗಿ ಓದೋಣ. ‘ಇತರ ಹಕ್ಕುಗಳು’ ಅನ್ನುವ ಕಾಲಮ್ಮಿನಲ್ಲಿ ಬೋಜಾ ನಮೂದಾಗುತ್ತದೆ. ಬೋಜಾ ಅಂದರೆ ಹೊರೆ: ಯಾವ ಸೊಸೈಟಿಯ, ಯಾವ ಬ್ಯಾಂಕಿನ ಸಾಲ ಈ ಜಮೀನಿನ ಮೇಲಿದೆ ಅನ್ನುವ ವಿವರ. ಜಮೀನು ಕೊಳ್ಳುವವನಿಗೆ ಇದು ಗೊತ್ತಿರಲೇಬೇಕು, ಇಲ್ಲದಿದ್ದರೆ ಮೋಸ ಹೋಗ್ತಾನೆ. ಆದರೆ ಕೊಳ್ಳದವನಿಗೂ ಅದು ಕಾಣುತ್ತದೆ. ಫೇರಫಾರ್ ನೋಂದಿನಲ್ಲಿ ಒಂದು ಸಾವು ಇರುತ್ತದೆ, ವಾರಸುದಾರರ ಸಾಲು ಇರುತ್ತದೆ. ಅದೊಂದು ಸಣ್ಣ ಕುಟುಂಬ ಕಥನವೇ ಸರಿ. 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಅದನ್ನು ಬಿಟ್ಟುಕೊಟ್ಟರೆ ‘ಹಕ್ಕುಸೋಡ್ ಪತ್ರ’ ಆಗಬೇಕು. ಹಾಗಾಗಿ ಒಬ್ಬ ಅಕ್ಕ ತನ್ನ ಪಾಲನ್ನು ಬಿಟ್ಟಳೋ ಇಲ್ಲವೋ ಅನ್ನುವುದು ದಾಖಲೆಯಿಂದ ತಿಳಿಯುತ್ತದೆ. ಸಂಬಂಧ ಕೇಳಿಕೊಂಡು ಬರುವ ಮುಂಚೆಯೇ ಹೆಣ್ಣಿನ ಮನೆಯ ಸಾತಬಾರಾ ಮೊಬೈಲಿನಲ್ಲಿ ನೋಡಿಕೊಂಡು ಬಂದವರ ಮಾತನ್ನು ನಾನು ಕೇಳಿದ್ದೀನಿ. ಬೋಜಾ ಎಷ್ಟು, ಅಕ್ಕತಂಗಿಯರ ಹೆಸರು ಇನ್ನೂ ಉಳಿದಿದೆಯೋ ಅನ್ನೋ ಪ್ರಶ್ನೆ ಚಹಾ ಬರೋದಕ್ಕಿಂತ ಮೊದಲೇ ಬಂತು. ಅವರು ಕಾನೂನು ಮುರಿದಿಲ್ಲ, ತೆರೆದಿದ್ದ ಬಾಗಿಲಲ್ಲಿ ಬಂದರು ಅಷ್ಟೇ.

ಇನ್ನು ಭಾಷೆ. ಹಳೆಯ ಸಾತಬಾರಾಗಳಲ್ಲಿ ‘ಅ.ಪಾ.ಕ.’ ಅನ್ನುವ ಸಂಕ್ಷೇಪ ಕಾಣುತ್ತದೆ. ಬಿಡಿಸಿದರೆ ‘ಅಜ್ಞಾನ ಪಾಲನ ಕರ್ತಾ’. ಮರಾಠಿ ಕಾನೂನು ಭಾಷೆಯಲ್ಲಿ ಅಜ್ಞಾನ ಅಂದರೆ ಅಪ್ರಾಪ್ತ ವಯಸ್ಕ. ಅಂದರೆ ಮಗುವಿನ ಪರವಾಗಿ ನಿಂತ ಪೋಷಕ. ಕನ್ನಡದ ಕಿವಿಗೆ ಅಜ್ಞಾನ ಅಂದರೆ ತಿಳಿವಿಲ್ಲದ ಸ್ಥಿತಿ. ಅಪ್ಪ ತೀರಿಕೊಂಡ ಮನೆಯ ಮಗು ಕನ್ನಡದಲ್ಲಿ ಓದಿಕೊಂಡಾಗ ತನ್ನನ್ನೇ ತಿಳಿಗೇಡಿ ಅಂತ ಕರೆಯುವ ಕಾಗದವನ್ನು ಓದಿದ ಹಾಗೆ. ‘ಭೋಗವಟಾದಾರ’, ‘ಫೇರಫಾರ್’, ‘ಬೋಜಾ’ ಇವೂ ಹಾಗೆಯೇ. ಪರದೆಯ ಮೇಲೆ ಲಿಪಿಯನ್ನು ಬದಲಿಸಿದ ಮಾತ್ರಕ್ಕೆ ಅರ್ಥ ದಾಟುವುದಿಲ್ಲ. ನುಡಿ ಆಡಳಿತದ ಮರಾಠಿಯದ್ದೇ ಆಗಿರುತ್ತದೆ. ಹೀಗೆ ಕರಜಗಿಯ ರೈತನ ದಾಖಲೆ ಮುಂಬಯಿಯಲ್ಲಿ ಕೂತ ಅಪರಿಚಿತನಿಗೆ ಸರಾಗ, ಅದರಲ್ಲಿ ಹೆಸರಾದವನಿಗೆ ಕಗ್ಗ. ಈ ಸ್ಥಿತಿಯನ್ನು ನಾವು ‘ಮುಕ್ತ’ ಅಂತ ಕರೀತಾ ಇದ್ದೀವಿ.

4. ತೆರೆದಾಗ ಒಳಗೆ ಬಂದವರು

ಇದು ಗಡಿಯಾಚೆಯ ಕಥೆ ಮಾತ್ರ ಅಂದುಕೊಳ್ಳಬೇಡಿ. ಕರ್ನಾಟಕದ ‘ಭೂಮಿ’ ಯೋಜನೆ 2000ದ ಆಸುಪಾಸಿನಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿತು. 67 ಲಕ್ಷ ರೈತರ ದಾಖಲೆಗಳು ಅವು. ಜಗತ್ತಿನ ಕಣ್ಣಿಗೆ ಅದು ಮಾದರಿಯಾಯಿತು. 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಅದರ ಮೇಲೆ ಕಟುವಾದ ಅಧ್ಯಯನವೊಂದನ್ನು ಪ್ರಕಟಿಸಿದರು. ಬೆಂಗಳೂರಿನ ಸುತ್ತ ದೊಡ್ಡ ಭೂ ವ್ಯವಹಾರದವರಿಗೆ ಈ ಹೊಸ ವ್ಯವಸ್ಥೆಯಿಂದ ಅನುಕೂಲವಾಯಿತು, ಸ್ಥಳೀಯವಾಗಿ ನಡೀತಿದ್ದ ಚೌಕಾಸಿಯ ಶಕ್ತಿ ಕುಗ್ಗಿತು ಅನ್ನೋದು ಅವರ ವಾದದ ತಿರುಳು. ಕೆನಡಾದ ಮೈಕೆಲ್ ಗರ್ಸ್ಟೀನ್ ಇದೇ ಉದಾಹರಣೆ ಹಿಡಿದು 2011ರಲ್ಲಿ ಕೇಳಿದ ಪ್ರಶ್ನೆ ಮುಕ್ತ ದತ್ತಾಂಶದ ಚರ್ಚೆಯಲ್ಲಿ ಇಂದಿಗೂ ಮುಗಿದಿಲ್ಲ: ಈಗಾಗಲೇ ಬಲವಿದ್ದವರಿಗೇ ಇನ್ನಷ್ಟು ಬಲ ಬರ್ತಾ ಇದೆಯೇ? ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಒಳಗೆ ಬರೋದು ಮಾತ್ರ ಗಣಕ, ವಕೀಲ, ಬಂಡವಾಳ ಇದ್ದವರು.

ಎರಡನೆಯ ಉದಾಹರಣೆ ನೇರವಾಗಿ ವೈಯಕ್ತಿಕ ಮಾಹಿತಿಯದ್ದು. 2017ರ ಮೇ ತಿಂಗಳಲ್ಲಿ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಒಂದು ವರದಿ ಪ್ರಕಟಿಸಿತು. ನಾಲ್ಕು ಸರ್ಕಾರಿ ಪೋರ್ಟಲ್‌ಗಳಲ್ಲಿ ಸುಮಾರು 13ರಿಂದ 13.5 ಕೋಟಿ ಆಧಾರ್ ಸಂಖ್ಯೆಗಳು ಬಯಲಾಗಿದ್ದವು ಅಂತ ಅದರ ಅಂದಾಜು. ಉದ್ಯೋಗ ಖಾತರಿಯ ಪೋರ್ಟಲ್, ಸಾಮಾಜಿಕ ನೆರವಿನ ಪಿಂಚಣಿ ಪೋರ್ಟಲ್ ಅವುಗಳಲ್ಲಿ ಸೇರಿದ್ದವು, ಉಳಿದೆರಡು ಆಂಧ್ರಪ್ರದೇಶದವು. ಇಲ್ಲಿ ಯಾರೂ ಕನ್ನ ಹಾಕಲಿಲ್ಲ. ಪಾರದರ್ಶಕತೆಯ ಹೆಸರಿನಲ್ಲಿ ಇಲಾಖೆಗಳೇ ಕೋಷ್ಟಕ ಮಾಡಿ ಇಟ್ಟಿದ್ದವು. ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸಬಾರದು ಅಂತ 2016ರ ಆಧಾರ್ ಕಾಯ್ದೆಯ 29(4)ನೇ ಕಲಮು ಆಗಲೇ ಹೇಳಿತ್ತು. ಮೂರನೆಯದು ನಮಗೆಲ್ಲ ನೆನಪಿರುವಂಥದ್ದು. 2020ರ ಮಾರ್ಚಿನಲ್ಲಿ ಕೊರೋನಾ ಕಾಲಕ್ಕೆ ಮನೆಯಲ್ಲಿ ಪ್ರತ್ಯೇಕವಾಗಿದ್ದವರ ವಿಳಾಸಗಳ ಪಟ್ಟಿಯನ್ನು ಕರ್ನಾಟಕ ಸರ್ಕಾರ ಪ್ರಕಟಿಸಿತು. ಪಟ್ಟಿ ಫೋನಿನಿಂದ ಫೋನಿಗೆ ಹರಿಯಿತು. ರೋಗದ ನಿಯಂತ್ರಣ ಸರಿಯಾದ ಉದ್ದೇಶವೇ, ಆದರೆ ಆ ಪಟ್ಟಿ ನೆರೆಹೊರೆಯವರನ್ನೇ ಕಾವಲುಗಾರರನ್ನಾಗಿ ಮಾಡಿತು.

5. ಮುಚ್ಚಿದಾಗ ಹೊರಗೆ ಉಳಿದವರು

ಇಷ್ಟು ಕೇಳಿದ ಮೇಲೆ ‘ಹಾಗಾದ್ರೆ ಪಟ್ಟಿಗಳನ್ನು ತೆಗೆದುಬಿಡಿ’ ಅನ್ನಿಸಬಹುದು. ಅಲ್ಲಿ ನಾನು ಒಪ್ಪಲ್ಲ. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರಲ್ಲಿ ಜನಸುನವಾಯಿಗಳನ್ನು ಶುರುಮಾಡಿತು. ಮಾಡಿದ್ದು ಇಷ್ಟೇ: ಹಾಜರಿ ಪಟ್ಟಿಯನ್ನು, ಬಿಲ್ಲುಗಳನ್ನು ಊರಿನ ಜನರ ಮುಂದೆ ಗಟ್ಟಿಯಾಗಿ ಓದಿದರು. ಕೆಲಸಕ್ಕೆ ಬಾರದವರ ಹೆಸರಿನಲ್ಲಿ ಕೂಲಿ ಬರೆದಿದ್ದರೆ, ಆಗದ ಕೆಲಸಕ್ಕೆ ಹಣ ಎತ್ತಿದ್ದರೆ ಅದು ಕೇಳಿದವರಿಗೆ ಅಲ್ಲಿಯೇ ಗೊತ್ತಾಗುತ್ತಿತ್ತು. 2005ರ ಮಾಹಿತಿ ಹಕ್ಕು ಕಾಯ್ದೆಯ ಬೇರುಗಳಲ್ಲಿ ಇದೂ ಒಂದು. ಹೆಸರನ್ನು ಅಳಿಸಿದ್ದರೆ ಈ ಕಳವು ಹಿಡಿಯೋದು ಸಾಧ್ಯವಿರಲಿಲ್ಲ. ಬಡವರ ಪಾಲಿಗೆ ಹೆಸರಿನ ಪಟ್ಟಿ ಬಯಲೂ ಹೌದು, ರಕ್ಷಣೆಯೂ ಹೌದು.

ಅದಕ್ಕೇ ಆ ಕಾಯ್ದೆಯ 4ನೇ ಕಲಮು ಸಹಾಯಧನ ಯೋಜನೆಗಳ ಫಲಾನುಭವಿಗಳ ವಿವರವನ್ನು ಸರ್ಕಾರ ತಾನಾಗಿಯೇ ಪ್ರಕಟಿಸಬೇಕು ಅನ್ನುತ್ತದೆ. ಜೊತೆಗೆ 8(1)(ಜೆ) ಕಲಮು ವೈಯಕ್ತಿಕ ಮಾಹಿತಿಗೆ ತಕ್ಕಡಿ ಹಿಡಿದಿತ್ತು: ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ್ದಾದರೆ, ಖಾಸಗಿತನಕ್ಕೆ ಅನಗತ್ಯ ಅತಿಕ್ರಮಣವಾದರೆ ಕೊಡಬೇಕಿಲ್ಲ, ದೊಡ್ಡ ಸಾರ್ವಜನಿಕ ಹಿತವಿದ್ದರೆ ಕೊಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3)ನೇ ಕಲಮು ಈ ತಕ್ಕಡಿಯನ್ನು ತೆಗೆದು, ವೈಯಕ್ತಿಕ ಮಾಹಿತಿ ಅಂದರೆ ವಿನಾಯಿತಿ ಅನ್ನುವ ಒಂದೇ ಸಾಲನ್ನು ಇಟ್ಟಿತು. 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾದಾಗ ಈ ತಿದ್ದುಪಡಿ ಕೂಡಲೇ ಜಾರಿಗೆ ಬಂತು. ದತ್ತಾಂಶ ಇಟ್ಟುಕೊಂಡವರ ಮುಖ್ಯ ಕರ್ತವ್ಯಗಳಿಗೆ ಮಾತ್ರ 18 ತಿಂಗಳ ಕಾಲಾವಕಾಶ. ಸಾರ್ವಜನಿಕ ಹಿತಕ್ಕಾಗಿ ಮಾಹಿತಿ ಕೊಡಬಹುದು ಅನ್ನುವ 8(2)ನೇ ಕಲಮು ಇನ್ನೂ ಇದೆ ಅನ್ನೋದು ಸರ್ಕಾರದ ಸಮರ್ಥನೆ. ಅದು ನಿಜ. ಆದರೆ ಅಧಿಕಾರಿಯ ಕೈಯಲ್ಲಿ ಈಗ ‘ಇಲ್ಲ’ ಅನ್ನಲು ಒಂದು ಸಾಲು ಸಾಕು, ‘ಹೌದು’ ಅನ್ನಲು ತೂಗಿ ನೋಡಿ ಕಾರಣ ಬರೆಯಬೇಕು. ಕೆಳಗಿನ ಕಚೇರಿಗಳಲ್ಲಿ ಯಾವುದು ಸುಲಭ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಗುತ್ತಿಗೆದಾರನ ಹೆಸರು, ಮಂಜೂರು ಮಾಡಿದವನ ಹೆಸರು ಕೇಳಿದಾಗ ಅದೂ ವೈಯಕ್ತಿಕ ಮಾಹಿತಿ ಆಗಿಬಿಡಬಹುದು.

ಇನ್ನೊಂದು ತುದಿ ನೋಡಿ. ಇದೇ ಕಾಯ್ದೆಯ 3ನೇ ಕಲಮಿನ ಪ್ರಕಾರ, ಕಾನೂನಿನ ಬದ್ಧತೆಯಿಂದ ಸಾರ್ವಜನಿಕಗೊಳಿಸಿದ ವೈಯಕ್ತಿಕ ದತ್ತಾಂಶಕ್ಕೆ ಈ ಕಾಯ್ದೆ ಅನ್ವಯಿಸುವುದೇ ಇಲ್ಲ. ಕಾನೂನಿನ ಪ್ರಕಾರ ಪ್ರಕಟವಾದ ಭೂದಾಖಲೆ, ಫಲಾನುಭವಿ ಪಟ್ಟಿ ಇವೆಲ್ಲ ಈ ಬಾಗಿಲಿನಿಂದ ಹೊರಗೆ ಹೋಗಬಹುದು. ಸ್ವಾರಸ್ಯ ಅಂದರೆ, ಈ ಕಾಯ್ದೆ ವ್ಯಕ್ತಿಯನ್ನು ಉದ್ದಕ್ಕೂ ‘ಆಕೆ’ ಅನ್ನುವ ಸರ್ವನಾಮದಿಂದ ಕರೆಯುತ್ತದೆ, ಲಿಂಗ ಯಾವುದೇ ಇರಲಿ. ಭಾಷೆಯ ವಿದ್ಯಾರ್ಥಿಯಾಗಿ ಇದನ್ನು ಓದಿ ನನಗೆ ಖುಷಿಯಾಗಿತ್ತು. ಆದರೆ ಫೇರಫಾರ್ ನೋಂದಿನಲ್ಲಿರುವ ಅಕ್ಕ, ಪಿಂಚಣಿ ಪಟ್ಟಿಯಲ್ಲಿರುವ ವಿಧವೆ, ಆ ‘ಆಕೆ’ಯ ವ್ಯಾಪ್ತಿಯಿಂದ ಹೊರಗುಳಿಯುವ ದಾರಿಯೂ ಅದೇ ಕಾಯ್ದೆಯಲ್ಲಿದೆ. ಒಟ್ಟು ಪರಿಣಾಮ ಏನಾಯ್ತು? ಪಡೆದವರ ಪಟ್ಟಿ ಬಯಲಲ್ಲಿ ಉಳಿಯಬಹುದು, ಕೊಟ್ಟವರ ಹೆಸರು ಬಾಗಿಲ ಹಿಂದೆ ಸೇರಬಹುದು.

6. ಖಾಸಗಿ ಯಾರದು?

‘ಖಾಸಗಿ’ ಪದವನ್ನೇ ನೋಡಿ. ಮರಾಠಾ ಸಂಸ್ಥಾನಗಳಲ್ಲಿ ಖಾಸಗಿ ಅಂದರೆ ಅರಸು ಮನೆತನದ ಸ್ವಂತ ಆಸ್ತಿ, ಸ್ವಂತ ಖಜಾನೆ. ಇಂದೋರಿನ ಹೋಳ್ಕರರ ಖಾಸಗಿ ಹೆಸರುವಾಸಿ. ರಯತನಿಗೆ ಖಾಸಗಿ ಇರಲಿಲ್ಲ, ಮನೆ ಇತ್ತು, ಮರ್ಯಾದೆ ಇತ್ತು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಎಲ್ಲರ ಮೂಲಭೂತ ಹಕ್ಕು ಅಂತ ಒಮ್ಮತದಿಂದ ಹೇಳಿತು. ಆ ಪ್ರಕರಣಕ್ಕೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆ ತೀರ್ಪಿನಿಂದ ನಮಗೆ ಸಿಕ್ಕ ಅಳತೆಗೋಲು ಮೂರು: ಅತಿಕ್ರಮಣಕ್ಕೆ ಕಾನೂನಿನ ಆಧಾರ ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು.

ಕರಜಗಿಯಂಥ ಊರಿನ ಪಿಂಚಣಿ ಪಟ್ಟಿಗೆ ಇದನ್ನು ಹಿಡಿದು ನೋಡೋಣ. ಕಾನೂನು ಇದೆ, ಮಾಹಿತಿ ಹಕ್ಕಿನ 4ನೇ ಕಲಮು. ಉದ್ದೇಶ ಇದೆ, ಕಳವು ತಡೆಯುವುದು. ಮೂರನೆಯದರಲ್ಲಿ ಸಿಕ್ಕಿಬೀಳುತ್ತದೆ. ಕಳವನ್ನು ಹಿಡಿಯಬಲ್ಲವರು ಆ ಊರಿನವರು. ಈ ಅಜ್ಜಿ ಬದುಕಿದ್ದಾಳೋ ಇಲ್ಲವೋ ಅಂತ ಗೊತ್ತಿರೋದು ಅವರಿಗೆ. ಅವರಿಗೆ ಬೇಕಾದದ್ದು ಹೆಸರು, ತಿಂಗಳು, ಮೊತ್ತ. ಬ್ಯಾಂಕ್ ಖಾತೆ ಸಂಖ್ಯೆ ಬೇಡ, ಆಧಾರ್ ಬೇಡ. ಇಡೀ ಜಿಲ್ಲೆಯ ಪಟ್ಟಿ ಒಂದೇ ಕ್ಲಿಕ್ಕಿಗೆ ಇಳಿಸಿಕೊಳ್ಳುವ ಸವಲತ್ತು ಅವರಿಗಂತೂ ಬೇಡ; ಅದು ಬೇಕಾಗಿರೋದು ಸಾಲ ಮಾರುವವರಿಗೆ, ಮೋಸದ ಕರೆ ಮಾಡುವವರಿಗೆ.

ಈಗ ಭಾಷೆಯ ಕರ್ತವ್ಯ. 2023ರ ಕಾಯ್ದೆಯ 5(3)ನೇ ಕಲಮು ಒಪ್ಪಿಗೆ ಕೇಳುವಾಗ ಕೊಡುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು ಅನ್ನುತ್ತದೆ. ಕನ್ನಡ ಆ 22 ಭಾಷೆಗಳಲ್ಲಿ ಒಂದು. ವ್ಯಕ್ತಿ ಯಾವ ರಾಜ್ಯದಲ್ಲಿದ್ದಾಳೆ ಅಂತ ಆ ಕಲಮು ಕೇಳುವುದಿಲ್ಲ. ಅಂದರೆ ಕರಜಗಿಯವಳು ಕನ್ನಡದಲ್ಲೇ ಕೊಡಿ ಅನ್ನಬಹುದು. ಗಡಿನಾಡಿನ ದೃಷ್ಟಿಯಿಂದ ಇದು ಸಣ್ಣ ಮಾತಲ್ಲ. ತೊಡಕು ಇರೋದು ಇಲ್ಲಿ: ಈ ವಾಕ್ಯ ಒಪ್ಪಿಗೆಗೆ ಅಂಟಿಕೊಂಡಿದೆ. ಸರ್ಕಾರ ಸವಲತ್ತು, ಪ್ರಮಾಣಪತ್ರ ಕೊಡಲು ಮಾಹಿತಿ ಬಳಸುವಾಗ 7ನೇ ಕಲಮಿನ ಪ್ರಕಾರ ಹೊಸದಾಗಿ ಒಪ್ಪಿಗೆ ಬೇಕಾಗದ ಸಂದರ್ಭಗಳಿವೆ. ಹಾಗಾಗಿ ಮೊಬೈಲ್ ಆ್ಯಪ್ ಕಂಪನಿ ಕನ್ನಡದಲ್ಲಿ ಸೂಚನೆ ಕೊಡಬೇಕು, ಚಾವಡಿ ಕೊಡಬೇಕಾಗಿಲ್ಲ.

ಆದರೆ ಹಳೆಯ ಕಾಯ್ದೆಯಲ್ಲಿ ಒಂದು ದಾರಿ ಉಳಿದಿದೆ. ಮಾಹಿತಿ ಹಕ್ಕು ಕಾಯ್ದೆಯ 4(4)ನೇ ಕಲಮು ತಾನಾಗಿ ಪ್ರಕಟಿಸುವ ಮಾಹಿತಿಯನ್ನು ಸ್ಥಳೀಯ ಭಾಷೆಯನ್ನೂ ಆ ಪ್ರದೇಶಕ್ಕೆ ಒಗ್ಗುವ ಸಂವಹನ ವಿಧಾನವನ್ನೂ ಗಮನದಲ್ಲಿಟ್ಟು ಹಂಚಬೇಕು ಅನ್ನುತ್ತದೆ. ಅದು ‘ರಾಜ್ಯ ಭಾಷೆ’ ಅಂದಿಲ್ಲ, ‘ಸ್ಥಳೀಯ ಭಾಷೆ’ ಅಂದಿದೆ. ವಿಧಾನಕ್ಕೂ ದೂರ ಹೋಗಬೇಕಾಗಿಲ್ಲ. ಮಹಾರಾಷ್ಟ್ರದ ಕಂದಾಯ ಆಡಳಿತದಲ್ಲಿ ‘ಚಾವಡಿ ವಾಚನ’ ಅನ್ನುವ ರೂಢಿ ಇದೆ, ದಾಖಲೆಯನ್ನು ಊರಿನವರ ಮುಂದೆ ಓದಿ ಹೇಳುವುದು. ಸಾತಬಾರಾ ಗಣಕೀಕರಣದ ತಪ್ಪು ತಿದ್ದುವಾಗಲೂ ಇದನ್ನು ಬಳಸಿದರು. ನನ್ನ ಸಲಹೆ ಇಷ್ಟು: ಹೆಸರಿನ ಪಟ್ಟಿ ಚಾವಡಿಯಲ್ಲಿ, ಗ್ರಾಮಸಭೆಯಲ್ಲಿ, ಕನ್ನಡದಲ್ಲಿ ಓದಲಿ. ಗೋಡೆಯ ಮೇಲೂ ಇರಲಿ. ಪೋರ್ಟಲಿನಲ್ಲಿ ಆದೇಶ, ಮಂಜೂರಾತಿ, ಅಧಿಕಾರಿಯ ಹುದ್ದೆ, ವಿಳಂಬದ ದಿನ, ಒಟ್ಟು ಮೊತ್ತ ಇವು ಪೂರ್ತಿ ತೆರೆದಿರಲಿ. ಹೆಸರಿನಿಂದ ಹುಡುಕುವಾಗ ಯಾರು ಹುಡುಕಿದರು ಅನ್ನೋದರ ಗುರುತು ಉಳಿಯಲಿ, ಹೆಸರಾದವನು ಕೇಳಿದರೆ ಅದನ್ನು ಅವನಿಗೆ ತೋರಿಸಲಿ. ಇದಕ್ಕೆ ಹೊಸ ತಂತ್ರಜ್ಞಾನ ಬೇಡ, ಯಾರನ್ನು ಬಯಲಿಗೆ ತರಬೇಕು ಅನ್ನೋದರ ಬಗ್ಗೆ ಮನಸ್ಸು ಬದಲಾಗಬೇಕು. ಸಮಯ ಆಯ್ತು ಅಂತ ಸೂಚನೆ ಬಂದಿದೆ, ಇಲ್ಲಿಗೆ ನಿಲ್ಲಿಸ್ತೀನಿ.

ಸಂವಾದ

ಸಹವಿದ್ಯಾರ್ಥಿ: ಹಳ್ಳಿಯಲ್ಲಿ ಎಲ್ಲರ ವಿಷಯ ಎಲ್ಲರಿಗೂ ಗೊತ್ತಿರುತ್ತೆ. ಖಾಸಗಿತನ ಅನ್ನೋದು ಪೇಟೆಯವರ ಚಿಂತೆ ಅಲ್ವಾ?

ಉತ್ತರ: ಊರಲ್ಲಿ ನಿನ್ನ ಸಾಲ ಯಾರಿಗೆ ಗೊತ್ತೋ ಅವನ ಸಾಲ ನಿನಗೂ ಗೊತ್ತು. ಆ ತಿಳಿವಳಿಕೆಗೆ ಎರಡು ಮುಖ ಇವೆ. ಆಡಿಕೊಂಡರೆ ತಿರುಗಿ ಆಡಬಹುದು, ಕಷ್ಟಕ್ಕೆ ಅವನೇ ಬರಲೂಬಹುದು. ಪೋರ್ಟಲಿನಲ್ಲಿ ನೋಡುವವನು ನಿನಗೆ ಕಾಣೋದಿಲ್ಲ. ನಾನು ಆಕ್ಷೇಪ ಎತ್ತುತ್ತಿರೋದು ಆ ಒಂದು ಮುಖದ ನೋಟಕ್ಕೆ. ಹಾಗಂತ ಊರಿನ ನೋಟ ನಿರಪರಾಧಿ ಅಂತಲ್ಲ. ಅಕ್ಕತಂಗಿಯರ ಹಕ್ಕಿನ ವಿಷಯದಲ್ಲಿ ಊರೇ ಹೆಚ್ಚು ಕಠೋರ. ಅದಕ್ಕೇ ಚಾವಡಿಯಲ್ಲಿ ಓದಬೇಕಾದದ್ದು ಸರ್ಕಾರಿ ಹಣದ ಪಟ್ಟಿ, ಮನೆಯೊಳಗಿನ ಪಾಲಿನ ವಿವರವನ್ನಲ್ಲ.

ಅಧ್ಯಾಪಕರು: ಚಾವಡಿ, ಗ್ರಾಮಸಭೆ ಅಂದಿರಿ. ಅಲ್ಲಿಗೆ ಬರೋದೇ ಮೇಲುಜಾತಿಯ ಗಂಡಸರಾದರೆ? ದೂರದಲ್ಲಿ ಕೂತು ಪೋರ್ಟಲ್ ನೋಡುವುದೇ ದಲಿತ ಹುಡುಗನಿಗೆ ಸುರಕ್ಷಿತ ಆಗಬಹುದಲ್ಲ?

ಉತ್ತರ: ಹೌದು ಸರ್, ಇದು ನನ್ನ ವಾದದ ಅತ್ಯಂತ ದುರ್ಬಲ ಜಾಗ. ಪೋರ್ಟಲ್ ಮುಚ್ಚಿ ಚಾವಡಿ ತೆರೆಯಿರಿ ಅಂತ ನಾನು ಹೇಳ್ತಿಲ್ಲ. ತನ್ನ ದಾಖಲೆಯನ್ನು, ತನ್ನ ಊರಿನ ಯೋಜನೆಯ ಖರ್ಚನ್ನು ಯಾರ ಅಪ್ಪಣೆಯೂ ಇಲ್ಲದೆ ನೋಡುವ ಹಕ್ಕು ಉಳಿಯಲೇಬೇಕು. ತೆಗೆಯಬೇಕಾದದ್ದು ಅಪರಿಚಿತರಿಗೆ ರಾಶಿಗಟ್ಟಲೆ ಸಿಗುವ ಹೆಸರುಗಳನ್ನು ಮಾತ್ರ.

ಅಧ್ಯಾಪಕರು: ಕನ್ನಡದಲ್ಲಿ ಕೊಡಿ ಅನ್ನೋದು ಕೊನೆಗೆ ಗಡಿ ರಾಜಕಾರಣಕ್ಕೆ ಸೇರಿಕೊಳ್ಳೋದಿಲ್ಲವೇ?

ಉತ್ತರ: ಇದೇ ವಾದವನ್ನು ಬೆಳಗಾವಿ, ನಿಪ್ಪಾಣಿ ಕಡೆಯ ಮರಾಠಿ ಮನೆಮಾತಿನವರಿಗೂ ಅನ್ವಯಿಸಲು ನಾನು ತಯಾರಿದ್ದೀನಿ. ಅವರ ಪಹಣಿಯ ಅರ್ಥ ಅವರಿಗೆ ಮರಾಠಿಯಲ್ಲಿ ತಿಳಿಯಬೇಕು. ಸಂವಿಧಾನದ 350ನೇ ವಿಧಿ ಕುಂದುಕೊರತೆಯ ಅರ್ಜಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು ಅನ್ನುತ್ತದೆ. ದೂರು ಕೊಡುವ ಭಾಷೆ ನನ್ನದಾಗಬಹುದಾದರೆ, ಯಾವುದರ ಮೇಲೆ ದೂರು ಅಂತ ತಿಳಿದುಕೊಳ್ಳುವ ಭಾಷೆಯೂ ನನ್ನದಾಗಬೇಕು.